ಐದನೆಯ ‘ಬಂತು’

ನಮ್ಮ ಭಾವನನ್ನು ಹೊಗಳುವುದು ನನ್ನ ಜಾಯಮಾನವಲ್ಲ. ಅವರು ಅಕ್ಕನನ್ನು ಕಟ್ಟಿಕೊಂಡ ದಿನದಿಂದಲೂ ಅವರಿಗೂ ನನಗೂ ಎಣ್ಣೆ ಸೀಗೆಕಾಯಿ. ನಾನು ಹತ್ತು ಮಾತಾಡಿದರೆ ಅವರದು ಅರ್ಧ ಮಾತು, ಆ ಅರ್ಧವೂ ‘ಹೂಂ’. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದ ನನ್ನಂಥವಳಿಗೆ ಇಂಥ ಗಂಡಸಿನ ಜೊತೆ ನೆಟ್ಟಗೆ ಜಗಳವಾಡುವುದಕ್ಕೂ ಆಗುವುದಿಲ್ಲ. ಆದರೂ ಇವತ್ತು ಅವರ ಕಥೆ ಹೇಳಬೇಕು.

ಭಾವ ಬಡಗಿ. ದೊಡ್ಡ ಯಂತ್ರಗಳನ್ನು ದೂರ ಸಾಗಿಸಲು ಮರದ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಬೀದಿಯಲ್ಲೆಲ್ಲ ಅವರು ‘ಪೆಟ್ಟಿಗೆ ಮೇಸ್ತ್ರಿ’. ಅವರು ಮಾಡಿದ ಪೆಟ್ಟಿಗೆಗೆ ನೀರು ಹೊಯ್ದರೂ ಸೋರದು ಅನ್ನುತ್ತಿದ್ದರು. ಮನುಷ್ಯನೂ ಹಾಗೆಯೇ, ಒಳಗಿಂದ ಒಂದು ಹನಿ ಹೊರಗೆ ಬರುತ್ತಿರಲಿಲ್ಲ.

ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಅಕ್ಕ ರೇಡಿಯೊದಲ್ಲಿ ನಾಟಕ ಕೇಳುತ್ತಾ, “ಏನ್ರೀ ಇದು, ಎಲ್ಲರಿಗೂ ಒಟ್ಟಿಗೆ ನೆಗಡಿಯಾದ ಹಾಗಿದೆ” ಅಂದಳಂತೆ. ತಮಾಷೆಗೆ ಅಂದದ್ದು. ನಮ್ಮ ಮಹಾರಾಯರು ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ಮರುವಾರವೇ ಕಾರ್ಖಾನೆಯಲ್ಲಿ ಉಳಿದ ಪ್ಲೈವುಡ್ ತುಂಡುಗಳನ್ನು ಜೋಡಿಸಿ ಪೆಟ್ಟಿಗೆ ಮಾಡಿದರು, ಸ್ಪೀಕರ್ ಕೂರಿಸಿದರು, ಒಳಗೋಡೆಗೆ ಹಳೆಯ ಕಂಬಳಿ ಕತ್ತರಿಸಿ ಅಂಟಿಸಿದರು. ರೇಡಿಯೊಗೆ ಹಿಡಿದ ನೆಗಡಿ ಬಿಟ್ಟಿತು, ಭಾವನಿಗೆ ಹಿಡಿದದ್ದು ಬಿಡಲಿಲ್ಲ. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅನ್ನುತ್ತಾರಲ್ಲ, ಇವರಿಗೆ ಮದುವೆಯಾದ ಮೇಲೇ ಹುಚ್ಚು ಹಿಡಿಯಿತು. ಒಂದು ಪೆಟ್ಟಿಗೆ ಎರಡಾಯಿತು. ಕ್ಯಾಸೆಟ್ ಯಂತ್ರ ಬಂತು, ಅದು ಹೋಗಿ ಸೀಡಿ ಬಂತು, ಆಂಪ್ಲಿಫೈಯರ್ ಮೂರು ಸಲ ಬದಲಾಯಿತು. ಕೊನೆಗೆ ಗೋಡೆಯಗಲದ ಟೀವಿ, ಅದರ ಸುತ್ತ ಐದು ಸ್ಪೀಕರ್, ಮೂಲೆಯಲ್ಲಿ ಹೊಟ್ಟೆ ನಡುಗಿಸುವ ಒಂದು ದಪ್ಪ ಡಬ್ಬ. ಪೆಟ್ಟಿಗೆಗಳೆಲ್ಲ ಅವರ ಕೈಯಲ್ಲೇ ಆದವು.

ಹೊಸದೇನು ಬಂದರೂ ಪರೀಕ್ಷೆ ಮಾತ್ರ ಹಳೆಯದೇ. ಯಂತ್ರಗಳ ಸದ್ದು, ಬಿಸಿ ಅಕ್ಕನಿಗೆ ತಾಗಬಾರದೆಂದು ಅವನ್ನು ಪಕ್ಕದ ಸಣ್ಣ ಕೋಣೆಯಲ್ಲಿ ಇಟ್ಟು, ಗೋಡೆಯಲ್ಲಿ ತೂತು ಕೊರೆದು ವೈರ್ ಎಳೆದಿದ್ದರು. ತಾವು ಆ ಕೋಣೆಯಲ್ಲಿ ಮಂಡಿಯೂರಿ ಗುಂಡಿ ಒತ್ತುವರು. ‘ಸುಯ್’ ಎನ್ನುವ ಮೆಲ್ಲನೆಯ ಸದ್ದು ಒಂದೊಂದೇ ಸ್ಪೀಕರಿನಲ್ಲಿ ಸರದಿಯ ಮೇಲೆ ಬರಬೇಕು.

“ಬಂತಾ?” ಎಂದು ಒಳಗಿಂದ ಇವರು.

“ಬಂತು” ಎಂದು ಕುರ್ಚಿಯಿಂದ ಅಕ್ಕ.

ಅಷ್ಟೇ. ಬೇರೆ ಮನೆಗಳಲ್ಲಿ ಗಂಡ ಹೆಂಡತಿ ಏನೇನು ಮಾತಾಡಿಕೊಳ್ಳುತ್ತಾರೋ, ಇವರಿಬ್ಬರ ಸಂಸಾರ ಈ ಎರಡು ಮಾತಿನಲ್ಲಿ ನಡೆದುಹೋಯಿತು ಎಂದು ನಾನು ಆಡಿಕೊಳ್ಳುತ್ತಿದ್ದೆ. ಅಕ್ಕ ನಕ್ಕುಬಿಡುತ್ತಿದ್ದಳು.

ಅಕ್ಕನ ಆ ಕುರ್ಚಿಯದೂ ಒಂದು ಕಥೆ. ಪ್ರತಿ ಸ್ಪೀಕರಿನಿಂದಲೂ ದಾರ ಎಳೆದು, ಅಳೆದು, ನೆಲದಲ್ಲಿ ಸೀಮೆಸುಣ್ಣದ ಗುರುತು ಹಾಕಿ ಭಾವ ಅದನ್ನು ಅಲ್ಲಿ ಇಟ್ಟಿದ್ದರು. “ಐದೂ ಕಡೆ ಸದ್ದು ಸರಿಯಾಗಿ ಸೇರೋದು ಇಲ್ಲಿ ಮಾತ್ರ. ಒಬ್ಬರಿಗಷ್ಟೇ ಜಾಗ” ಅಂದರು. ತಾವು ಬಲಗಡೆ, ಹಿಂದಿನ ಸ್ಪೀಕರಿನ ಕೆಳಗೆ, ಗೋಡೆಗೆ ಒರಗಿ ನೆಲದ ಮೇಲೆ ಕೂರುತ್ತಿದ್ದರು. ಸಿನಿಮಾ ಹಾಕಿದರೆ ಪರದೆ ನೋಡುವುದಕ್ಕಿಂತ ಅಕ್ಕನ ಮುಖ ನೋಡುವುದೇ ಹೆಚ್ಚು.

“ಒಂದು ಸಲ ನೀವೂ ಅಲ್ಲಿ ಕೂತು ನೋಡಿ ಭಾವ, ನಿಮ್ಮ ಗಂಟೇನೂ ಹೋಗಲ್ಲ” ಎಂದು ನಾನೇ ಕೆಣಕಿದ್ದೆ.

“ನಂಗ್ಯಾಕೆ? ಅದು ಅವಳಿಗೆ ಅಂತ ಮಾಡಿದ್ದು” ಅಂದರು. ಅವರ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತುಗಳಲ್ಲಿ ಅದೂ ಒಂದು.

ಈಗ ನನ್ನ ಪಾಲಿನ ಪಾಪ ಹೇಳುತ್ತೇನೆ. ಆ ಐದು ಸ್ಪೀಕರ್ ಬರುವುದಕ್ಕೆ ಒಂದು ವರ್ಷ ಮೊದಲು ಅಕ್ಕನಿಗೆ ನಾಲ್ಕು ದಿನ ತಲೆ ಸುತ್ತಿ, ಎಡಗಿವಿಯಲ್ಲಿ ಗುಂಯ್‌ಗುಟ್ಟಿ, ಐದನೆಯ ದಿನ ಆ ಕಿವಿ ಸತ್ತೇಹೋಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನು. ತಡವಾಯಿತು, ಕಿವಿ ಇನ್ನು ಬರಲಾರದು ಅಂದರು ಡಾಕ್ಟರು. ಭಾವ ಕಾರ್ಖಾನೆಯಲ್ಲಿದ್ದರು. ಅವರಿಗೆ ಅಕ್ಕ ಬರೀ ತಲೆಸುತ್ತು ಎಂದು ಹೇಳಿದಳು.

“ಹುಚ್ಚು ಹಿಡಿದಿದೆಯಾ ನಿಂಗೆ? ಗಂಡನಿಗೆ ಹೇಳಬಾರದ ವಿಷಯವೇನೇ ಇದು?” ಎಂದು ನಾನು ರೇಗಿದೆ.

“ಹೇಳಿದರೆ ಆ ಪೆಟ್ಟಿಗೆ ಅಷ್ಟೂ ಬಿಚ್ಚಿ ಅಟ್ಟಕ್ಕೆ ಹಾಕ್ತಾರೆ ಕಣೇ. ಆಮೇಲೆ ಆ ಮನುಷ್ಯ ಏನು ಮಾಡ್ಕೊಂಡಿರಬೇಕು?” ಅಂದಳು. ಆಮೇಲೆ ತಾನೇ ನಕ್ಕಳು. “ಎಲ್ಲರೂ ಒಂದು ಕಿವೀಲಿ ಕೇಳಿ ಇನ್ನೊಂದರಲ್ಲಿ ಬಿಡ್ತಾರೆ. ನಂಗೆ ಬಿಡೋಕೆ ದಾರಿ ಇಲ್ಲ. ಕೇಳಿದ್ದೆಲ್ಲ ಒಳಗೇ ಉಳಿಯತ್ತೆ.”

ನಾನು ದರ್ಜಿ. ನನ್ನ ಹೊಲಿಗೆ ಯಂತ್ರದ ಮೇಲೆ ಕೈ ಇಡಿಸಿ ಆಣೆ ಹಾಕಿಸಿಕೊಂಡಳು. ಐದು ಸ್ಪೀಕರಿನ ಪರೀಕ್ಷೆ ಮುಗಿದ ಮರುದಿನ ನನ್ನ ಅಂಗಡಿಗೆ ಬಂದು ಪಿಸುಗುಟ್ಟಿದಳು: “ನಾಲ್ಕು ಕೇಳಿಸ್ತು. ಐದನೇದು ಎಡಗಡೆ ಹಿಂದಿಂದು, ನನ್ನ ಸತ್ತ ಕಿವಿ ಪಾಲಿಗೆ ಬಂದಿದ್ದು. ಏನೂ ಕೇಳಲಿಲ್ಲ. ಆದರೂ ಸರದಿ ನೋಡ್ಕೊಂಡು ಬಂತು ಅಂದೆ. ಅವರ ಮುಖ ನೋಡಬೇಕಿತ್ತು ನೀನು.”

ಹೀಗೆ ನಾಲ್ಕು ವರ್ಷ ಕಳೆಯಿತು. ಮೊನ್ನೆಯ ಬೇಸಿಗೆಯಲ್ಲಿ ಎದೆ ನೋವು ಎಂದು ಮಧ್ಯಾಹ್ನ ಮಲಗಿದ ಅಕ್ಕ ಏಳಲಿಲ್ಲ. ನನಗಿದ್ದವಳು ಅವಳೊಬ್ಬಳೇ. ಅತ್ತೂ ಅತ್ತೂ ನನ್ನ ದನಿ ಕೂತುಹೋಯಿತು. ಭಾವ ಎಲ್ಲ ಪೆಟ್ಟಿಗೆಗಳ ಮೇಲೆ ಹಾಸಿಗೆಯ ಹೊದಿಕೆ ಮುಚ್ಚಿಬಿಟ್ಟರು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಊಟದ ಡಬ್ಬಿ ಕೊಡಲು ಹೋದರೆ ಹೊದಿಕೆಗಳೆಲ್ಲ ಮಡಚಿ ಇಟ್ಟಿದ್ದವು.

“ಚಿಕ್ಕೋಳೇ, ಒಂದು ಉಪಕಾರ ಮಾಡು” ಅಂದರು. “ಒಳಗೆ ಹೋಗಿ ಆ ಗುಂಡಿ ಒತ್ತು. ಅವಳು ಏನು ಕೇಳ್ತಿದ್ದಳು ಅಂತ ಒಂದು ಸಲ ನಾನೂ ಕೇಳಬೇಕು.”

ಅಕ್ಕನ ಕುರ್ಚಿಯ ತುದಿಯಲ್ಲಿ, ಪರರ ಮನೆಗೆ ಬಂದವರ ಹಾಗೆ ಕೂತರು. ನಾನು ಸಣ್ಣ ಕೋಣೆಗೆ ಹೋಗಿ ಒತ್ತಿದೆ. ಬಂತಾ? ಬಂತು. ಬಂತಾ? ಬಂತು. ನಾಲ್ಕರವರೆಗೂ ಸರಿಯಾಗಿಯೇ ನಡೆಯಿತು.

“ಬಂತಾ ಭಾವ?” ಎಂದು ಐದನೆಯ ಸಲ ಕೂಗಿದೆ. ಉತ್ತರವಿಲ್ಲ. ಅಳುತ್ತಿದ್ದಾರೇನೋ ಎಂದು ಓಡಿ ಬಂದರೆ, ಅವರು ಎಡಗಡೆಯ ಹಿಂದಿನ ಸ್ಪೀಕರಿಗೆ ಕಿವಿಯೊತ್ತಿ ನಿಂತಿದ್ದರು.

ಗೋಡೆಯ ಬುಡದಲ್ಲಿ ವೈರ್ ಮರೆಮಾಡಲು ಅವರೇ ಹೊಡೆದ ಮರದ ಪಟ್ಟಿಯಿತ್ತು. ಒಂದೊಂದೇ ಸ್ಕ್ರೂ ಬಿಚ್ಚಿದರು. ಮೂರನೆಯದು ವೈರಿನೊಳಗೇ ಇಳಿದು ಒಂದು ಎಳೆಯನ್ನು ಕತ್ತರಿಸಿತ್ತು. ಕಾರ್ಖಾನೆಯಲ್ಲಿ ಮುಚ್ಚಳ ಹೊಡೆದ ಮೇಲೆಯೇ ತಪಾಸಣೆ. ಮನೆಯಲ್ಲೂ ಅದೇ ಅಭ್ಯಾಸ, ಪಟ್ಟಿ ಹೊಡೆದು, ಬಣ್ಣ ಬಳಿದು, ಆಮೇಲೆ ಪರೀಕ್ಷೆ. ಸ್ಕ್ರೂ ತಲೆಯ ಮೇಲಿನ ಬಣ್ಣ ಆವತ್ತಿನಿಂದ ಈಗ ಬಿಚ್ಚುವ ತನಕ ಒಡೆದಿರಲೇ ಇಲ್ಲ.

“ಇದು ಒಂದು ದಿನಾನೂ ಮಾತಾಡಿಲ್ಲ” ಅಂದರು. ಆ ಸ್ಕ್ರೂವನ್ನು ಕೈಗೆತ್ತಿಕೊಂಡು, “ಆದ್ರೆ ಅವಳು ಬಂತು ಅಂದಳಲ್ಲ?”

ಕೆಟ್ಟಿದ್ದು ವೈರು. ತನ್ನ ಕಿವಿಯದೇ ತಪ್ಪು ಅಂದುಕೊಂಡು ಆ ಪುಣ್ಯಾತ್ಗಿತ್ತಿ ಅದನ್ನೂ ಮುಚ್ಚಿಟ್ಟಿದ್ದಳು.

“ಅವಳು ಕೇಳ್ತಾನೇ ಇರಲಿಲ್ಲ, ಅಲ್ವಾ?” ಭಾವ ನೆಲದ ಮೇಲೆ ಕೂತರು. “ನನ್ನ ಕಾಟ ತಪ್ಪಿದರೆ ಸಾಕು ಅಂತ ಬಂತು ಬಂತು ಅಂದುಬಿಟ್ಟಳು. ಎಲ್ಲ ವರ್ಷಾನೂ ಹಾಗೇನಾ? ಮೊದಲನೇ ಪೆಟ್ಟಿಗೆಯಿಂದಲೂ?”

ಅತ್ತ ದರಿ ಇತ್ತ ಪುಲಿ. ಸುಮ್ಮನಿದ್ದರೆ ಆಣೆ ಉಳಿಯುತ್ತದೆ, ಆದರೆ ಈ ಮನುಷ್ಯ ತನ್ನ ಸಂಸಾರವೇ ಸುಳ್ಳು ಎಂದುಕೊಂಡು ಸಾಯುತ್ತಾನೆ. ಹೇಳಿದರೆ, ಹೆಂಡತಿಯ ಒಂದು ಕಿವಿ ಹೋದದ್ದೂ ತಿಳಿಯದ ಗಂಡ ತಾನು ಎಂಬುದು ಅವರಿಗೆ ಗೊತ್ತಾಗುತ್ತದೆ. ಯೋಚನೆ ಮಾಡಿ ಮಾತಾಡುವ ಗುಣ ನನಗೆಲ್ಲಿದೆ?

“ಬಾಯಿ ಮುಚ್ಚಿ ಭಾವ!” ಎಂದು ಅರಚಿದೆ. “ಅವಳ ಎಡಗಿವಿ ಸತ್ತು ಐದು ವರ್ಷ ಆಯ್ತು. ನಿಮಗೆ ಗೊತ್ತಾದರೆ ಇದನ್ನೆಲ್ಲ ಬಿಟ್ಟುಬಿಡ್ತೀರಿ ಅಂತ ಮುಚ್ಚಿಟ್ಟಳು. ಕೇಳದೆ ಇದ್ದಿದ್ದು ತನ್ನ ಕಿವಿದೇ ತಪ್ಪು ಅಂದ್ಕೊಂಡಳು. ಒಂದೇ ಮನೇಲಿ ಇದ್ರಿ, ಅಷ್ಟೂ ಕಾಣಲಿಲ್ವಾ ನಿಮಗೆ?”

ಕೊನೆಯ ಮಾತು ಬಾಯಿಂದ ಹೋದಮೇಲೆ ನಾಲಿಗೆ ಕಚ್ಚಿಕೊಂಡೆ. ಭಾವ ಸ್ಕ್ರೂವನ್ನು ಅಂಗೈಯಲ್ಲಿ ಹೊರಳಿಸಿದರು.

“ಮಲಗೋ ಜಾಗ ಬದಲಾಯಿಸಿದಳು” ಅಂದರು ಮೆಲ್ಲಗೆ. “ಗೋಡೆ ತಣ್ಣಗಿದೆ, ಆ ಕಡೆ ಬರ್ತೀನಿ ಅಂದಳು. ರಸ್ತೇಲೂ ಸುತ್ತಿ ಬಂದು ನನ್ನ ಎಡಕ್ಕೇ ಸೇರ್ತಿದ್ದಳು. ಬಲಗಿವೀಲಿ ನನ್ನ ಮಾತು ಕೇಳೋಕೆ. ನಾನು ಬರೀ ಹೂಂ ಅಂದೆ.”

ಕಣ್ಣೊರೆಸಿಕೊಳ್ಳಲಿಲ್ಲ, ನೀರು ಹಾಗೇ ಗಡ್ಡದೊಳಗೆ ಇಳಿಯಿತು. ಇಷ್ಟು ವರ್ಷ ಆ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಂಡ ನನಗೆ ಆವತ್ತು ಅವರ ತಲೆ ಸವರಬೇಕು ಅನ್ನಿಸಿತು.

“ಜೋಡಿಸಿಬಿಡಿ ಭಾವ, ಎರಡು ನಿಮಿಷದ ಕೆಲಸ” ಅಂದೆ.

ಇಕ್ಕಳ ಕೈಗೆತ್ತಿಕೊಂಡರು. ಮತ್ತೆ ಕೆಳಗಿಟ್ಟರು. ಪಟ್ಟಿಯನ್ನು ಮೊದಲಿದ್ದಂತೆಯೇ ಒತ್ತಿ ಹಿಡಿದು, ಅದೇ ಸ್ಕ್ರೂವನ್ನು ಅದೇ ತೂತಿಗೆ ಬಿಗಿದರು. ಜೀವಮಾನದಲ್ಲಿ ಒಂದು ಕೆಲಸವನ್ನೂ ಕೆಡಿಸಿಟ್ಟು ಎದ್ದವರಲ್ಲ ಅವರು.

“ಇನ್ನೊಂದು ಸಲ ಒತ್ತು” ಎಂದು ಕುರ್ಚಿಗೆ ಹೋದರು. ಈ ಸಲ ತುದಿಯಲ್ಲಲ್ಲ, ಪೂರ್ತಿ ಒರಗಿ ಕೂತರು.

ನಾನು ಸಣ್ಣ ಕೋಣೆಯಲ್ಲಿ ಮಂಡಿಯೂರಿ ಒತ್ತಿದೆ. ನಾಲ್ಕು ಸಲ ಕೇಳಿದೆ, ನಾಲ್ಕು ಸಲವೂ ಬಂತು ಅಂದರು. ಐದನೆಯದಕ್ಕೆ ಮನೆಯೆಲ್ಲ ಸದ್ದಿಲ್ಲದೆ ನಿಂತಿತು. ಆದರೂ ಕೇಳಿದೆ.

“ಬಂತಾ ಭಾವ?”

“ಬಂತು” ಅಂದರು.