ಶುಕ್ರವಾರದ ಫೋನಿನಲ್ಲಿ ಕೇಳಿದ ಬೆಲೆಗಳು

ಅಕ್ಕ ಕುವೈತ್‌ನಲ್ಲಿ ಮನೆಕೆಲಸಕ್ಕಿದ್ದ ವರ್ಷಗಳಲ್ಲಿ, ಶುಕ್ರವಾರ ಬಂದರೆ ನಮ್ಮೂರು ಸಾದಲಿಯ ಟೀ ಅಂಗಡಿಯ ಫೋನಿಗೆ ಕರೆ ಮಾಡುತ್ತಿದ್ದಳು. ಅಲ್ಲಿ ಯಜಮಾನಿಯ ಮನೆಯವರು ಊಟ ಮಾಡಿ ಮಲಗಿದಾಗ ಅವಳಿಗೆ ಸ್ವಲ್ಪ ಬಿಡುವು. ನಮಗೆ ಆಗ ಸಂಜೆಯ ಹೊತ್ತು. ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ ನಾನು ಅಂಗಡಿಗೆ ಬಂದು ಕೂರುತ್ತಿದ್ದೆ.

ಗಂಡ ತೀರಿಕೊಂಡ ಮೇಲೆ ಅಕ್ಕ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಇಡೀ ದಿನ ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡರೆ ಅರವತ್ತು ರೂಪಾಯಿ. ರೇಷ್ಮೆಗೂಡು ದುಬಾರಿಯಾದ ವಾರ ಕೆಲಸವಿಲ್ಲದೆ ಅದೂ ಇಲ್ಲ. ಚಿಂತಾಮಣಿಯ ಏಜೆಂಟೊಬ್ಬ ನಲವತ್ತು ದಿನಾರ್ ಸಂಬಳ ಕೊಡಿಸುತ್ತೇನೆ ಅಂದ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಆದರೂ ಗುಣಿಸುವುದು ಬರುತ್ತಿತ್ತು. ದಿನಾರಿಗೆ ನೂರೈವತ್ತು ಹಿಡಿದರೂ ತಿಂಗಳಿಗೆ ಆರು ಸಾವಿರ. "ಹೋಗಕ್ಕ" ಅಂದವನು ನಾನೇ.

ಬೆಲೆ ಕೇಳುವ ಆಟ ಹೇಗೆ ಶುರುವಾಯಿತೋ ನೆನಪಿಲ್ಲ. ಮೊದಲ ಸಲ ಟೀ ಅಂಗಡಿಯವನೇ ಕೇಳಿಸಿದ್ದಿರಬೇಕು.

"ಅಲ್ಲಿ ಟೀ ಎಷ್ಟು ಅಂತ ಕೇಳೋ!"

"ನೂರು ಫಿಲ್ಸ್ ಕಣಪ್ಪ. ನಮ್ದು ಹದಿನೈದು ರೂಪಾಯಿ ಆಗುತ್ತೆ."

ಅಕ್ಕ ಅಂದದ್ದನ್ನು ನಾನು ಬೆಂಚಿನವರಿಗೆ ಜೋರಾಗಿ ಹೇಳಿದೆ. "ಅಯ್ಯೋ ದೇವುಡಾ! ನಾನು ಎರಡು ರೂಪಾಯಿಗೆ ಕೊಟ್ರೂ ಸಾಲ ಹೇಳ್ತೀರಲ್ಲೋ ನೀವು" ಅಂದ ಅವನು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಮುಂದಿನ ವಾರ ಕ್ಷೌರ. ಒಂದು ದಿನಾರಂತೆ! ಪಕ್ಕದಂಗಡಿಯ ಕ್ಷೌರಿಕ ಕತ್ತರಿ ಹಿಡಿದುಕೊಂಡೇ ಓಡಿ ಬಂದು, "ನನಗೂ ಒಂದು ವೀಸಾ ಮಾಡಿಸಕ್ಕಾ" ಎಂದು ಫೋನಿನೊಳಗೆ ಕೂಗಿದ. ಅಕ್ಕನೂ ನಗುತ್ತಿದ್ದಳು. ಆಮೇಲೆ ಮೊಟ್ಟೆ, ಟೊಮೇಟೊ, ಚಪ್ಪಲಿ ಹೊಲಿಸುವ ಕೂಲಿ. ಶುಕ್ರವಾರ ಸಂಜೆ ಬೆಂಚಿನ ಮೇಲೆ ಜಾಗ ಸಿಗುತ್ತಿರಲಿಲ್ಲ. ನನಗೂ ಒಂದು ಬೆಲೆ ಬಂದಿತ್ತು.

ಅವಳ ಸಂಬಳವನ್ನು ನಾವು ರೂಪಾಯಿ ಮಾಡಿ ಬೆರಗಾಗುತ್ತಿದ್ದೆವು, ಅಲ್ಲಿನ ಬೆಲೆಯನ್ನೂ ರೂಪಾಯಿ ಮಾಡಿ ನಗುತ್ತಿದ್ದೆವು. ಆ ಸಂಬಳವನ್ನು ಆ ಬೆಲೆಯ ಪಕ್ಕದಲ್ಲಿ ಇಟ್ಟು ನೋಡಲಿಲ್ಲ. ಅವಳು ಫೋನಿಗೆ ಹಾಕುವ ಕಾರ್ಡಿಗೇ ಒಂದು ದಿನಾರ್. ಹೆಚ್ಚುಕಡಿಮೆ ಅವಳ ಒಂದು ದಿನದ ದುಡಿಮೆ. ಅದು ಕೆಲವೇ ನಿಮಿಷಕ್ಕೆ ಮುಗಿಯುತ್ತಿತ್ತು.

ಎರಡು ವರ್ಷದ ಒಪ್ಪಂದ ಮುಗಿಯುವ ಹೊತ್ತಿಗೆ ಅವಳ ಹಣದಲ್ಲಿ ನಾನು ಹುಳು ಸಾಕುವ ಹೊಸ ಮನೆ ಕಟ್ಟಿಸುತ್ತಿದ್ದೆ. ಗೋಡೆ ಎದ್ದಿತ್ತು, ಚಾವಣಿಗೆ ಶೀಟು ಹಾಕುವುದು ಬಾಕಿ. ಅಕ್ಕನ ದನಿ ಕೆಲವು ವಾರಗಳಿಂದ ಬೇರೆಯಾಗಿತ್ತು. ಮಂಡಿ ನೋವು ಅಂತ ಒಂದು ಸಲ ಹೇಳಿದ್ದಳು. ಮೂರು ಮಹಡಿಯ ಮನೆ, ಮೆಟ್ಟಿಲು ಒರೆಸುವ ಕೆಲಸ. ಉಳಿಯುತ್ತೀಯೋ ಹೋಗುತ್ತೀಯೋ ಎಂದು ಯಜಮಾನಿ ಕೇಳುತ್ತಿದ್ದಾಳೆ ಅಂತಲೂ ಹೇಳಿದ್ದಳು.

ಆ ಶುಕ್ರವಾರ ಫೋನ್ ಎತ್ತಿದ ಕೂಡಲೇ ಅಂದಳು, "ಇವತ್ತು ಬೆಲೆ ಗಿಲೆ ಬೇಡ ಕಣೋ. ಒಂದು ಮಾತು ಕೇಳಬೇಕಿತ್ತು."

ಏನು ಕೇಳುತ್ತಾಳೆಂದು ನನಗೆ ಗೊತ್ತಾಗಿಹೋಯಿತು. ಗೊತ್ತಾಗಲಿಲ್ಲ ಅಂದರೆ ಸುಳ್ಳು. 'ಬರಲಾ' ಎಂದು ಕೇಳಿದರೆ 'ಬಾ' ಎನ್ನಲೇಬೇಕಿತ್ತು. ಬಂದರೆ ಶೀಟಿಗೆ ದುಡ್ಡೆಲ್ಲಿ?

"ಕೇಳಕ್ಕ, ಕೇಳು. ಅದಕ್ಕೆ ಮುಂಚೆ ಈರುಳ್ಳಿ ಎಷ್ಟು ಹೇಳ್ಬಿಡು. ಇಲ್ಲಿ ಪಂದ್ಯ ಕಟ್ಟಿಕೊಂಡು ಕೂತವ್ರೆ."

ಪಂದ್ಯ ಯಾರೂ ಕಟ್ಟಿರಲಿಲ್ಲ. ಆದರೆ ನನ್ನ ಮಾತು ಕೇಳಿ ಬೆಂಚಿನವರು ಕೂಗತೊಡಗಿದರು. ಅವಳು ಈರುಳ್ಳಿ ಬೆಲೆ ಹೇಳಿದಳು. ನಾನು ಬೆಳ್ಳುಳ್ಳಿ ಕೇಳಿದೆ. ಹೇಳಿದಳು. ಮಂಡಕ್ಕಿ ಸಿಗುತ್ತಾ ಅಂತ ಕೇಳಿದೆ. "ಲೋ, ಕಾರ್ಡು ಮುಗೀತು..." ಅಂತ ಅವಳು ಅನ್ನುವಷ್ಟರಲ್ಲಿ ಕರೆ ಕಡಿದುಹೋಯಿತು.

"ಏನಂತಪ್ಪಾ?" ಎಂದ ಟೀ ಅಂಗಡಿಯವನು.

"ಮಂಡಕ್ಕಿ ಸಿಗಲ್ವಂತೆ" ಅಂದೆ. ನಕ್ಕರು.

ಮುಂದಿನ ಶುಕ್ರವಾರ ಕರೆ ಬರಲಿಲ್ಲ. ಅದರಾಚೆಯ ವಾರ ಫೋನ್ ಮಾಡಿ, ಇನ್ನೆರಡು ವರ್ಷಕ್ಕೆ ಒಪ್ಪಿಕೊಂಡೆ ಅಂತ ತಿಳಿಸಿದಳು. ನಾನು ಬೆಲೆ ಕೇಳಲಿಲ್ಲ. ಶೀಟು ಬಂತು, ಹುಳುಮನೆಗೆ ಪೂಜೆಯಾಯಿತು.

ಆ ಎರಡು ವರ್ಷವೂ ಮುಗಿದು ಅವಳು ವಾಪಸಾದಾಗ ಬಸ್ಸಿನ ಮೆಟ್ಟಿಲನ್ನು ಎರಡೂ ಕೈಯಲ್ಲಿ ಕಂಬಿ ಹಿಡಿದು, ಪಕ್ಕವಾಗಿ ಇಳಿದಳು. ಮಂಡಿ ನೋಡಿದ ಚಿಕ್ಕಬಳ್ಳಾಪುರದ ಡಾಕ್ಟರು ಎರಡು ವರ್ಷ ಮುಂಚೆ ಬರಬೇಕಿತ್ತು ಅಂದರು. ಅವರು ಸುಮ್ಮನೆ ಎಲ್ಲರಿಗೂ ಹೇಳುವ ಮಾತೇ ಇರಬಹುದು. ನನಗೆ ಮಾತ್ರ ಅಲ್ಲಿ ಕೂರಲಾಗಲಿಲ್ಲ.

ಒಂದು ದಿನ ಹುಳುಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ನಾನೇ ಬಾಯಿಬಿಟ್ಟೆ.

"ಅವತ್ತು ನೀನು ಏನು ಕೇಳ್ತೀಯ ಅಂತ ನಂಗೆ ಗೊತ್ತಿತ್ತಕ್ಕ."

ಅವಳು ತಲೆ ಎತ್ತಲಿಲ್ಲ. "ಗೊತ್ತಿಲ್ದೆ ಏನು? ನೀನು ಬೆಳ್ಳುಳ್ಳಿ ಅಂದಾಗಲೇ ನಾನು ಕೇಳೋ ಆಸೆ ಬಿಟ್ಬಿಟ್ಟೆ."

"ಬೈಯಕ್ಕ."

"ಬೈದು ಏನು ಮಾಡಲಿ? ಮೊದಮೊದಲು ಆ ನಗು ಕೇಳಕ್ಕೇ ಕಾರ್ಡು ಹಾಕ್ತಿದ್ದೆ. ನಮ್ಮೂರೋರೆಲ್ಲ ಒಂದೇ ಸಲ ನಗೋರಲ್ಲ, ಅದಕ್ಕೆ." ಮಡಿಲಿನ ಸೊಪ್ಪನ್ನು ಬುಟ್ಟಿಗೆ ಸುರಿದಳು. "ಅವತ್ತು ಮಾತ್ರ, ಲೈನು ಕಟ್ಟಾದ ಮೇಲೂ ಫೋನ್ ಹಿಡ್ಕೊಂಡು ನಿಂತೇ ಇದ್ದೆ. ನೀನು ಅವ್ರನ್ನೆಲ್ಲ ಸುಮ್ನಿರ್ರೋ ಅಂತ ಗದರ್ತೀಯೇನೋ ಅಂತ."

ಬುಟ್ಟಿ ತೆಗೆದುಕೊಂಡು ಒಳಗೆ ಹೋದೆ. ಹುಳುಗಳು ಸೊಪ್ಪು ತಿನ್ನುವ ಸದ್ದು ತಟ್ಟೆಗಳ ತುಂಬ ಇತ್ತು. ಹೊರಗಿನಿಂದ ಅವಳು "ಏಳಕ್ಕೆ ಕೈ ಕೊಡೋ" ಎಂದು ಕೂಗುವವರೆಗೆ ಅಲ್ಲೇ ನಿಂತಿದ್ದೆ.