ಬೆನ್ನು ತಿರುಗಿಸಿ ಹಂಚಿದ ಕತ್ತಿ

ಆನ್‌ಲೈನ್ ಆಟದಲ್ಲಿ ನಮ್ಮದೊಂದು ಗಿಲ್ಡ್ ಇದೆ, ಅಂದರೆ ತಂಡ. ನಾನೇ ಅದರ ಯಜಮಾನ. ಈ ಯಜಮಾನಿಕೆ ಶತ್ರುವಿಗೂ ಬೇಡ. ರಾಕ್ಷಸನನ್ನು ಕೊಂದಾಗ ನಮಗೆ ಒಂದು ಕತ್ತಿ, ಒಂದು ಗುರಾಣಿ, ಒಂದು ಉಂಗುರ ಸಿಕ್ಕಿದವು. ಸೀನ, ಮಂಜ, ರಫೀಕ ಮೂವರಿಗೂ ಕತ್ತಿಯೇ ಬೇಕು, ಸಿಗದಿದ್ದರೆ ತಂಡ ಬಿಡುತ್ತಾರಂತೆ. ಕಡೂರಲ್ಲಿ ರೈಲು ಹತ್ತಿದವನು ಅಜ್ಜಂಪುರ ದಾಟಿದರೂ ಫೋನಿನಲ್ಲಿ ಆ ಮೂವರ ಜೊತೆ ಕಿರುಚುತ್ತಲೇ ಇದ್ದೆ.

ಎದುರು ಕೂತಿದ್ದ ಅಜ್ಜ ಎಲ್ಲ ಕೇಳಿಸಿಕೊಂಡು, “ಏನಪ್ಪಾ, ಬಾಡು ಗುಡ್ಡೆ ಹಾಕೋದು ನೋಡಿಲ್ವಾ? ಕುರಿ ಕೊಯ್ದು ಮಾಂಸ ಪಾಲು ಮಾಡಿದ ಮೇಲೆ ಒಬ್ಬ ಒಂದೊಂದೇ ಗುಡ್ಡೆ ಮುಟ್ತಾನೆ, ಇನ್ನೊಬ್ಬ ಬೆನ್ನು ತಿರುಗಿಸ್ಕೊಂಡು ಹೆಸ್ರು ಕೂಗ್ತಾನೆ. ಆಮೇಲೆ ಯಾರೂ ತಕರಾರು ಮಾಡಂಗಿಲ್ಲ” ಅಂದರು.

ಮೂವರ ಹೆಸರು ಹೇಳಿದೆ. ಅಜ್ಜ ಕಿಟಕಿ ಕಡೆ ತಿರುಗಿದರು. ನಾನು ಹುಡುಗರಿಗೆ ವಿಷಯ ತಿಳಿಸಿ, ಫೋನಿನಲ್ಲಿ ಕತ್ತಿ ಮುಟ್ಟಿ, “ಇದು ಯಾರಿಗೆ?” ಅಂದೆ.

“ರಫೀಕಂಗೆ!”

“ಸರಿ ಬಿಡಣ್ಣ, ಅಜ್ಜ ನೋಡಿಲ್ವಲ್ಲ” ಅಂದ ಫೋನಿನಲ್ಲಿ ಸೀನ. ಮಂಜನೂ ಒಪ್ಪಿದ. ಗುರಾಣಿ, ಉಂಗುರವೂ ಹಾಗೇ ಹಂಚಿಹೋದವು.

ಶಿವನಿ ಸ್ಟೇಷನ್ ಬಂತು. “ಪಾಲು ಹಾಕಿದೋನ್ಗೂ ಒಂದು ಪಾಲು ಇರ್ತದೆ ಕಣಪ್ಪಾ” ಅನ್ನುತ್ತಾ ಅಜ್ಜ ನಾನು ಪಕ್ಕದಲ್ಲಿಟ್ಟಿದ್ದ ಕಡ್ಲೆಕಾಯಿ ಪೊಟ್ಟಣ ಎತ್ತಿಕೊಂಡು ಇಳಿದರು. ಅದನ್ನು ಮಾತ್ರ ಬೆನ್ನು ತಿರುಗಿಸದೆ, ಚೆನ್ನಾಗಿ ನೋಡಿಯೇ ತಗೊಂಡರು.