ಪ್ರಾರ್ಥನೆಯಲ್ಲೇ ಬೈಯುವ ಕಲೆ

ನಮ್ಮ ಕ್ರೈಸ್ತ ಮನೆಗಳಲ್ಲಿ ಒಂದು ಕಲೆ ಸದ್ದಿಲ್ಲದೆ ಬೆಳೆದಿದೆ: ಪ್ರಾರ್ಥನೆಯಲ್ಲೇ ಬೈಯುವುದು. ಎದುರಿಗೆ ನಿಂತು ಹೇಳಿದರೆ ಜಗಳವಾಗುತ್ತದೆ. ಅದೇ ಮಾತನ್ನು ಕಣ್ಣು ಮುಚ್ಚಿ, ‘ಕರ್ತನೇ’ ಎಂದು ಶುರು ಮಾಡಿದರೆ ಎಲ್ಲರೂ ಆಮೆನ್ ಅನ್ನುತ್ತಾರೆ. ಬೈಸಿಕೊಂಡವರೂ ಅನ್ನಬೇಕಾಗುತ್ತದೆ! ಯಜಮಾನರ ಗೊರಕೆ, ಸೊಸೆಯ ಮೊಬೈಲು ಎಲ್ಲವನ್ನೂ ನಾನು ಹೀಗೇ ದೇವರ ಸನ್ನಿಧಿಗೆ ತಲುಪಿಸಿದ್ದೇನೆ. ಈ ವಿದ್ಯೆಯಲ್ಲಿ ಪಳಗಿದವಳೆಂಬ ಸಣ್ಣ ಜಂಬವೂ ನನಗಿತ್ತು.

ಶನಿವಾರ ಸಂಜೆ ಠಾಕುರ್ಲಿಯ ನಮ್ಮ ಮನೆಯಲ್ಲಿ ಕನ್ನಡದವರ ಪ್ರಾರ್ಥನಾ ಕೂಟ. ಹೆಚ್ಚಿನವರು ಅಕ್ಕಪಕ್ಕದ ಡೊಂಬಿವಲಿ, ಕಲ್ಯಾಣದವರು. ಸಲೋಮಿ ಅಕ್ಕ ಮಾತ್ರ ದೂರದ ಕೋಪರಖೈರಣೆಯಿಂದ ಬರಬೇಕು. ಮೂವತ್ತು ವರ್ಷದ ಗೆಳತಿ, ನನ್ನ ಎರಡು ಬಾಣಂತನಕ್ಕೂ ಕಷಾಯ ಕುದಿಸಿದ ಕೈ. ಹಾಸಿಗೆ ಹಿಡಿದ ಅತ್ತೆಗೆ ಉಣಿಸಿ, ಠಾಣೆ ಸ್ಟೇಶನ್ನಿನಲ್ಲಿ ರೈಲುಗಾಡಿ ಬದಲಿಸಿ ಅವರು ಬರುವಷ್ಟರಲ್ಲಿ ನಮ್ಮ ಎರಡು ಹಾಡು ಮುಗಿದಿರುತ್ತವೆ. ಒಂದು ಶನಿವಾರ ಯಾಕೋ ನನಗೆ ರೇಗಿತು. ಕಣ್ಣು ಮುಚ್ಚಿ, “ಕರ್ತನೇ, ನಿನ್ನ ಸನ್ನಿಧಿಗಿಂತ ಮನೆಗೆಲಸವೇ ದೊಡ್ಡದೆಂದುಕೊಂಡ ಸಹೋದರಿಯ ಮನಸ್ಸನ್ನು ಮುಟ್ಟು” ಎಂದೆ. ಎಲ್ಲರೂ ಆಮೆನ್ ಅಂದರು. ಒಂದು ಆಮೆನ್ ಮಾತ್ರ ಬಾಗಿಲಿನ ಕಡೆಯಿಂದ ಬಂತು. ಕಣ್ಣು ಬಿಟ್ಟರೆ ಸಲೋಮಿ ಅಕ್ಕ, ಕೈಯಲ್ಲಿ ಚಪ್ಪಲಿ ಹಿಡಿದು ನಿಂತಿದ್ದರು.

ಅವರು ಜಗಳವಾಡಲಿಲ್ಲ. ಕೂತು ಹಾಡಿದರು, ಚಹಾ ಕುಡಿದರು, ತಮ್ಮ ಲೋಟ ತೊಳೆದು ಕವುಚಿಟ್ಟು ಹೊರಟುಹೋದರು. ಆಮೇಲೆ ನಾಲ್ಕು ತಿಂಗಳು ಅವರ ಸುಳಿವಿಲ್ಲ.

“ಒಂದು ಸಲ ಹೋಗಿ ಮಾತಾಡಿ ಬಾ” ಎಂದು ಯಜಮಾನರು ಹೇಳಿದಾಗಲೆಲ್ಲ “ದೇವರ ಮೇಲೆ ಭಾರ ಹಾಕಿದ್ದೇನೆ” ಅನ್ನುತ್ತಿದ್ದೆ. ಸುಳ್ಳಲ್ಲ. ಅಕ್ಕನ ಮನಸ್ಸು ಕರಗಿಸು ಎಂದು ದಿನಾ ಮೊಣಕಾಲೂರುತ್ತಿದ್ದೆ. ಇದನ್ನು ನಾನು ಗಟ್ಟಿ ವಿಶ್ವಾಸ ಎಂದೇ ತಿಳಿದಿದ್ದೆ. ಒಂದು ಭಾನುವಾರ ಚರ್ಚಿನಲ್ಲಿ ಸಭಾಪಾಲಕರು ಪ್ರಸಂಗದ ನಡುವೆ, “ದೇವರು ನಂಬಿಗಸ್ತ, ಒಪ್ಪಿದೆವು. ಆತ ಹೇಳಿದ ಕೆಲಸ ಮಾಡಿದಿರಾ?” ಎಂದು ಕೇಳಿಬಿಟ್ಟರು. ಅವರು ನೋಡುತ್ತಿದ್ದದ್ದು ಕೆಟ್ಟುನಿಂತ ಫ್ಯಾನನ್ನು. ಬೆವತದ್ದು ಮಾತ್ರ ನಾನು. ಕಾಣಿಕೆ ಇಡುವ ಮೊದಲು ಹೋಗಿ ಸಹೋದರನೊಡನೆ ಸಮಾಧಾನವಾಗು ಎಂಬ ಬೈಬಲಿನ ಮಾತನ್ನು ಸಂಡೇಸ್ಕೂಲಿನ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳೇ ನಾನು. ದೇವರು ಹೇಳಿದ ಊರಿಗೆ ಹೋಗಲೊಲ್ಲದೆ ಬೇರೆ ದಿಕ್ಕಿನ ಹಡಗು ಹತ್ತಿದ ಪ್ರವಾದಿಯ ಕಥೆ ಹೇಳಿ ಅವರನ್ನು ನಗಿಸಿದ್ದೂ ಉಂಟು. ಅವನಾದರೂ ಬಂದರಿನವರೆಗೆ ಹೋಗಿದ್ದ. ನಾನು ಸೋಫಾದಿಂದ ಎದ್ದಿರಲಿಲ್ಲ.

ಸೋಮವಾರ ಹೊರಟೆ. ಅಕ್ಕ ಬಾಗಿಲು ತೆಗೆಯದಿದ್ದರೆ? ಮೂವತ್ತು ವರ್ಷದ ಸಲಿಗೆ ಅಲ್ಲಿಗೇ ಮುಗಿದರೆ? ನಿಜಕ್ಕೂ ಭಯವಾಗಿತ್ತು. ಠಾಣೆಯಲ್ಲಿ ‘ರಶ್ ಇದೆ’ ಎಂದು ನನಗೆ ನಾನೇ ಹೇಳಿಕೊಂಡು ಅಕ್ಕನ ಕಡೆಗೆ ಹೋಗುವ ಒಂದು ವಾಶಿ ಗಾಡಿ ಹತ್ತದೆ ಬಿಟ್ಟೆ. ಅದರಲ್ಲಿ ಅರ್ಧ ಡಬ್ಬಿ ಖಾಲಿ ಇತ್ತು.

ಅಕ್ಕ ಗಂಜಿಯ ಬಟ್ಟಲು ಹಿಡಿದೇ ಬಾಗಿಲು ತೆಗೆದರು. “ಅಕ್ಕಾ, ನನ್ನದು ತಪ್ಪಾಯ್ತು” ಎಂದು ಅತ್ತುಬಿಟ್ಟೆ.

“ಒಳಗೆ ಬಾ ಮಾರಾಯ್ತಿ, ಅತ್ತೆಯ ಗಂಜಿ ತಣಿತದೆ” ಎಂದರು. ಅತ್ತೆಗೆ ಉಣಿಸಿ, ಬಾಯಿ ಒರೆಸಿ, ನನ್ನ ಪಕ್ಕ ಬಂದು ಕೂತರು. “ಅವತ್ತು ತುಂಬಾ ನೋವಾಯ್ತು. ಸುಳ್ಳು ಯಾಕೆ ಹೇಳ್ಲಿ? ಸಿಟ್ಟು ಒಂದೇ ವಾರದಲ್ಲಿ ಇಳೀತು. ಆಮೇಲೆ ನಾನಾಗಿ ಬರ್ಲಿಕ್ಕೆ ನಾಚಿಕೆ. ನಿನ್ನ ಮನಸ್ಸು ಕರಗಿಸ್ಲಿ ಅಂತ ದಿನಾ ಪ್ರಾರ್ಥನೆ ಮಾಡ್ತಿದ್ದೆ.”

ನಾನು ಬೇಡಿದ್ದೂ ಅದನ್ನೇ ಎಂದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ದೇವರು ಎರಡೂ ಮನಸ್ಸನ್ನು ಎಂದೋ ಕರಗಿಸಿಟ್ಟಿದ್ದ. ಉಳಿದದ್ದು ಠಾಣೆಯಲ್ಲಿ ಗಾಡಿ ಬದಲಿಸುವ ಕೆಲಸವೊಂದೇ. ಅದನ್ನೂ ಆತನೇ ಮಾಡಲಿ ಎಂದು ನಾನು ನಾಲ್ಕು ತಿಂಗಳು ಕಾದಿದ್ದೆ.